ತಾಳ ಮುರಿದ ಹೆಸರು

"ಗುರುಗಳೇ, ನಾನು ನಗಿಸುತ್ತೇನೆಂದೇ ಜನ ನನ್ನ ಪ್ರವಚನಕ್ಕೆ ಬರುತ್ತಾರೆ. ಕಹಿ ಮಾತಾಡಿದರೆ ಅವರನ್ನು ಕಳೆದುಕೊಳ್ಳುವುದಿಲ್ಲವೇ?" ಎಂದು ಶಿಷ್ಯನೊಬ್ಬ ಕೇಳಿದ. ಗುರುಗಳು ಕತೆ ಹೇಳಿದರು.

ಒಂದು ನಗರದಲ್ಲಿ ಒಂದು ರಾಕ್ ತಂಡವಿತ್ತು. ಅದರ ಡ್ರಮ್ಮರ್‌ಗೆ ತನ್ನ ಕೈಯ ಮೇಲೆ ಎಲ್ಲಿಲ್ಲದ ಹೆಮ್ಮೆ. ಅವನು ಬಾರಿಸಲು ಕೂತರೆ ಮಂಡಿನೋವಿನವರೂ ಕುಣಿಯುತ್ತಿದ್ದರು.

ಒಂದು ದಿನ ಅವನ ಬೀದಿಯ ಮ್ಯಾನ್‌ಹೋಲ್‌ಗೆ ಇಳಿದ ಕೂಲಿಯೊಬ್ಬ ಉಸಿರುಕಟ್ಟಿ ಸತ್ತ. ಹೆಣ ಮೇಲೆತ್ತಿದ್ದನ್ನು ಡ್ರಮ್ಮರ್ ಕಣ್ಣಾರೆ ಕಂಡ. ಅವನಿಗೆ ಅನ್ನ ಸೇರಲಿಲ್ಲ. ಮುಂದಿನ ಆಲ್ಬಮ್‌ನ ಹಾಡುಗಳು ಇಂಥವರ ಬಗ್ಗೆಯೇ ಇರಬೇಕೆಂದು ಹಟ ಹಿಡಿದ. ಗೆಳೆಯರು ಗೊಣಗುತ್ತಲೇ ಒಪ್ಪಿದರು.

ಹಾಡು ಕಟ್ಟುವ ಮೊದಲು ಅವನು ಸತ್ತವನ ಹೆಂಡತಿಯ ಒಪ್ಪಿಗೆ ಕೇಳಲು ಹೋದ.

"ಹಾಡ್ಕೊಳ್ಳಿ ಅಣ್ಣ. ಆದ್ರೆ ಮುನಿವೆಂಕಟಸ್ವಾಮಿ ಅಂತ ಪೂರ್ತಿ ಹೆಸರು ಹೇಳ್ಬೇಕು. ಕೆಲ್ಸಕ್ಕೆ ಕರೆಯೋರು ಬರೀ 'ಏಯ್' ಅಂತಿದ್ರು," ಎಂದಳು ಅವಳು. ಅವನು ಮಾತು ಕೊಟ್ಟ.

ಕೊಟ್ಟಮೇಲೆ ಫಜೀತಿ ಶುರುವಾಯಿತು. ನಾಲ್ಕು ಪೆಟ್ಟಿನ ತಾಳದಲ್ಲಿ ಅಷ್ಟುದ್ದದ ಹೆಸರು ಹಿಡಿಸಲಿಲ್ಲ. ಅವಸರದಲ್ಲಿ ಹಾಡಿದರೆ ಏನು ಹೇಳಿದರೆಂದೇ ತಿಳಿಯದು.

"ಮುನಿ ಅಂದ್ರೆ ಸಾಕಲ್ವಾ? ತಾಳ ಮುರಿದ್ರೆ ಕುಣಿಯೋರು ಮುಗ್ಗರಿಸ್ತಾರೆ ಕಣೋ," ಎಂದ ಹಾಡುಗಾರ.

ಡ್ರಮ್ಮರ್ ಕೋಲು ಕೈಗೆತ್ತಿಕೊಂಡ. ಹದಿನೈದು ವರ್ಷ ತನಗೆ ಹೆಸರು ತಂದ ತಾಳವನ್ನು ತಾನೇ ಮುರಿದ. ಹೆಸರು ಬರುವ ಸಾಲಿಗೆ ಮೂರು ಪೆಟ್ಟು ಹೆಚ್ಚಿಗೆ ಹಾಕಿದ. ಒಳಗೊಳಗೇ ಅವನಿಗೂ ಅಳುಕಿತ್ತು.

ಮೊದಲ ಸಲ ಆ ಹಾಡು ಹಾಡಿದ ದಿನ ಮೈದಾನ ಕಿಕ್ಕಿರಿದಿತ್ತು. ಹೆಸರು ಬಂತು. ಕುಣಿಯುತ್ತಿದ್ದವರ ಹೆಜ್ಜೆ ತಪ್ಪಿತು. ಒಬ್ಬೊಬ್ಬರಾಗಿ ಎಲ್ಲರೂ ನಿಂತುಬಿಟ್ಟರು. ಡ್ರಮ್ಮರ್ ಅದನ್ನು ಕಂಡ. ಆದರೂ ಪ್ರತಿ ಸಲ ಹೆಸರು ಬಂದಾಗಲೂ ಆ ಮೂರು ಪೆಟ್ಟನ್ನು ಅವನು ಬಿಡಲಿಲ್ಲ. ಹಾಡು ಮುಗಿದಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ. ವೇದಿಕೆಯ ಮುಂದೆಯೇ ಆ ಹೆಂಗಸು ತಲೆಯೆತ್ತಿ ನಿಂತಿದ್ದಳು. "ನಮ್ಮನೆಯವರು," ಎಂದು ಅವಳು ಪಕ್ಕದವರಿಗೆ ಹೇಳಿದ್ದು ಅವನಿಗೂ ಕೇಳಿಸಿತು. ತನ್ನ ಕೈಯ ಬಗ್ಗೆ ಅಂಥ ಹೆಮ್ಮೆ ಅವನಿಗೆ ಹಿಂದೆಂದೂ ಆಗಿರಲಿಲ್ಲ.

ಶಿಷ್ಯನಿಗೆ ಸಮಾಧಾನವಾಗಲಿಲ್ಲ. "ಆದರೆ ಗುರುಗಳೇ, ಕುಣಿಯುತ್ತಿದ್ದ ಜನ ನಿಂತುಬಿಟ್ಟರಲ್ಲ?" ಎಂದ.

"ಮುನಿವೆಂಕಟಸ್ವಾಮಿ ಸತ್ತ ದಿನ ಆ ಬೀದಿಯಲ್ಲಿ ಹೋಗುತ್ತಿದ್ದವರಲ್ಲಿ ಒಬ್ಬರೂ ನಿಂತಿರಲಿಲ್ಲ," ಎಂದರು ಗುರುಗಳು.