ಕಂಡಕ್ಟರ್ ನೀಲವ್ವನ ರೈಟ್

ಕಟ್ಟಡ ಕೆಲಸಕ್ಕೆ ಬಂದಿದ್ದ ಒಡಿಶಾದ ಕೂಲಿಗಳನ್ನು "ಪರದೇಶದವರು" ಎಂದು ಪೊಲೀಸರು ಹಿಡಿದರು. ಅಡ್ಡ ಬಂದ ಕಾರ್ಮಿಕ ಸಂಘದವರನ್ನೂ ಹಿಡಿದು, ಎಲ್ಲರನ್ನೂ ಠಾಣೆಗೆ ಒಯ್ಯಲು ಒಂದು ಸರ್ಕಾರಿ ಬಸ್ಸಿಗೆ ತುಂಬಿದರು. ಕೊನೆಗೆ ಇನ್‌ಸ್ಪೆಕ್ಟರ್ ಸಾಹೇಬರೂ ಎಂಟು ಪೇದೆಗಳೂ ಹತ್ತಿ ಬಾಗಿಲಲ್ಲಿ ಜೋತುಬಿದ್ದರು.

"ಗಾಡಿ ಬಿಡವಾ!" ಎಂದು ಸಾಹೇಬರು ಗದರಿದರು.

ಕಂಡಕ್ಟರ್ ನೀಲವ್ವ 'ರೈಟ್' ಅನ್ನದೆ ಬಸ್ಸು ಕದಲುವುದಿಲ್ಲ. ಅವಳೂ ಸಂಘದವಳೇ. ಅವಳು ಒಂದೊಂದೇ ತಲೆ ಎಣಿಸಿದಳು.

"ಒಂಬತ್ತು ಮಂದಿ ಹೆಚ್ಚಾಗ್ಯಾರ್ರಿ ಸಾಹೇಬ್ರ. ಹೋದ ವಾರ ಇದಕ್ಕ ನೀವ ಕೇಸ್ ಹಾಕಿದ್ರಲ್ರಿ?"

ಸುದ್ದಿಗೆಂದು ಬಂದಿದ್ದ ಟಿವಿಯವರ ಕ್ಯಾಮೆರಾ ಇತ್ತಲೇ ನೋಡುತ್ತಿತ್ತು. ಸಾಹೇಬರು ಎದೆ ಸೆಟೆಸಿದರು. "ಕಾನೂನು ಅಂದ್ರ ಕಾನೂನು! ಹೆಚ್ಚಾದವ್ರನ್ನ ಇಳಸು!"

"ಹಂಗಾರ ಇಳೀರಿ. ಕಡೀಗೆ ಹತ್ತಿದವ್ರು ಮೊದಲು ಇಳೀಬೇಕ್ರಿ."

ಕಡೆಗೆ ಹತ್ತಿದವರು ಸಾಹೇಬರು ಮತ್ತು ಪೇದೆಗಳು! "ಲಗೂ ಇಳೀರಿ, ಹೊತ್ತಾತು!" ಎಂದು ಬಸ್ಸಿಗೆ ಬಸ್ಸೇ ಕೂಗಿತು. ಸಾಹೇಬರು ಮುಖ ಹುಳ್ಳಗೆ ಮಾಡಿಕೊಂಡು ಇಳಿದರು. ಪೇದೆಗಳೂ ಇಳಿದರು.

"ರೈಟ್!"

ಹೊರಟ ಬಸ್ಸಿನಿಂದ ನೀಲವ್ವ ತಲೆ ಹೊರಗೆ ಹಾಕಿದಳು. "ನಾವು ಕೋರ್ಟಿಗೆ ಹೊಂಟೀವ್ರಿ, ಸಂಘದ ವಕೀಲರು ಕಾಯಾಕತ್ತಾರ. ಹಿಂದ ಖಾಲಿ ಬಸ್ ಬರಾಕತ್ತೈತಿ, ನೀವು ಅದರಾಗ ಬರ್ರಿ!"

ಆ ಖಾಲಿ ಬಸ್ಸನ್ನು ಆ ಊರಿನಲ್ಲಿ ಇವತ್ತಿನವರೆಗೂ ಯಾರೂ ಕಂಡಿಲ್ಲ.