ವಿಷ ತಾಗದವಳ ರಕ್ತ

ಹೊಳೆಯಾಚೆಯ ಊರಿನಲ್ಲಿ ಅಂದು ಬೆಳಗಾದರೂ ಕೋಳಿ ಕೂಗಲಿಲ್ಲ. ಅಂಗಳದ ತುಂಬ ಗುಬ್ಬಿಗಳು ಸತ್ತು ಬಿದ್ದಿದ್ದವು. ಬಣ್ಣವಿಲ್ಲದ, ವಾಸನೆಯಿಲ್ಲದ ನರವಿಷವೊಂದು ಗಾಳಿಯಲ್ಲಿ ಹಾದುಹೋಗಿತ್ತು. ಬಿಟ್ಟ ಪುಣ್ಯಾತ್ಮ ಯಾರೋ, ಇವತ್ತಿಗೂ ಗೊತ್ತಿಲ್ಲ.

ಬದುಕಿದವರನ್ನು ದೋಣಿಯಲ್ಲಿ ಈಚೆ ದಡದ ಆಶ್ರಮಕ್ಕೆ ತಂದು, ಹಜಾರದಲ್ಲಿ ಸಾಲಾಗಿ ಚಾಪೆ ಹಾಸಿ ಮಲಗಿಸಿದರು. ಕೆಲವರಿಗೆ ಮೈಯೆಲ್ಲ ನಡುಕ. ಉಳಿದವರು ಎದ್ದು ಕೂತು, ನಮಗೇನೂ ಆಗಿಲ್ಲ, ಮನೆಗೆ ಬಿಡಿ ಅನ್ನುತ್ತಿದ್ದರು.

ಆಶ್ರಮದ ಮರುಳಯ್ಯ ಗುರುಗಳು ವಿಷಗಳ ಜಾಡು ಹಿಡಿಯುವುದರಲ್ಲೇ ತಲೆ ನರೆಸಿಕೊಂಡವರು. ಶಾಂಭವಿ ಅವರ ಶಿಷ್ಯೆ. ಈ ವಿಷ ರಕ್ತದಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಆದರೆ ಹೋಗುವ ಮುಂಚೆ ಅಲ್ಲಿನ ಒಂದು ಪ್ರೋಟೀನಿನ ಮೇಲೆ ತನ್ನ ಗುರುತು ಬಿಟ್ಟು ಹೋಗುತ್ತದೆ. ಆ ಗುರುತನ್ನು ಹುಡುಕಿ ಹಿಡಿಯುವ ಪ್ರತಿಕಾಯವನ್ನು ಶಾಂಭವಿ ವರ್ಷಗಟ್ಟಲೆ ಕೂತು ಬೆಳೆಸಿದ್ದಳು.

ಪ್ರತಿಕಾಯ ಸವರಿದ ಕಾಗದದ ಪಟ್ಟಿಗೆ ಒಂದು ಹನಿ ರಕ್ತ ಬಿಟ್ಟರೆ, ವಿಷ ತಾಗಿದವರದ್ದಾದರೆ ಕೆಂಪು ಗೆರೆ ಮೂಡಬೇಕು. ಗೆರೆ ಬಂದವರಿಗೆ ಔಷಧಿ, ಬಾರದವರು ಮನೆಗೆ. ವೈದ್ಯರು ಅವಳ ಮಾತಿಗೇ ಕಾದಿದ್ದರು.

ಅವಳು ಎಲ್ಲರ ರಕ್ತ ಹಾಕಿ ನೋಡಿದಳು. ಎಲ್ಲ ಪಟ್ಟಿಗಳಲ್ಲೂ ಗೆರೆ. ನಗುತ್ತಾ ಕೂತವರದ್ದರಲ್ಲೂ ಗೆರೆ. ಅವಳಿಗೆ ಅಳುವೇ ಬಂತು.

ಬಳಸಿದ್ದು, ಉಳಿದದ್ದು, ಪಟ್ಟಿಗಳನ್ನೆಲ್ಲ ಬಾಚಿಕೊಂಡು ಹೊಳೆಯ ಮೆಟ್ಟಿಲ ಮೇಲಿದ್ದ ಗುರುಗಳ ಹತ್ತಿರ ಹೋದಳು.

"ಸಿಕ್ಕಿದವರನ್ನೆಲ್ಲ ಹಿಡಿಯುವ ಪ್ರತಿಕಾಯ ಯಾತಕ್ಕೆ ಬಂತು, ಗುರುಗಳೇ? ಒಲೆಗೆ ಹಾಕುತ್ತೇನೆ. ಕೂತಿರುವವರನ್ನು ಮನೆಗೆ ಕಳಿಸಿ ಅಂತ ಹೇಳಿಬಿಡುತ್ತೇನೆ."

"ವಿಷ ತಾಗದವರ ರಕ್ತ ಹಾಕಿ ನೋಡಿದೆಯಾ?"

"ನೋಡಿದೆ. ಅದರಲ್ಲೂ ಗೆರೆ."

"ಯಾರ ರಕ್ತ ಅದು?"

"ನನ್ನದೇ. ಯಾವಾಗಲೂ ನನ್ನದೇ ಅಲ್ಲವೇ?"

ನಿಜ, ಅದು ಅವಳ ರೂಢಿ. ಪಟ್ಟಿ ಸರಿಯಿದೆಯೋ ಇಲ್ಲವೋ ಎಂದು ನೋಡಲು ಪ್ರತಿ ಸಲವೂ ತನ್ನ ಬೆರಳನ್ನೇ ಚುಚ್ಚಿಕೊಳ್ಳುತ್ತಿದ್ದಳು.

ಮಾತಾಡುತ್ತಾ ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. ನೆಗಡಿ ಯಾವಾಗಿನಿಂದ ಎಂದು ಗುರುಗಳು ಕೇಳಿದರು. ಬೆಳಿಗ್ಗೆ ದೋಣಿಯಿಂದ ಮಕ್ಕಳನ್ನು ಇಳಿಸಿಕೊಂಡಾಗಿನಿಂದ ಎಂದಳು. ಒಂದು ಕೂಸು ಕುತ್ತಿಗೆ ಬಿಡಲೇ ಇಲ್ಲವಂತೆ. ಊರಿನ ಗಾಳಿಗೆ ಸಿಕ್ಕ ಬಟ್ಟೆಯನ್ನೂ ಬಿಚ್ಚದೆ ಅದನ್ನು ಎದೆಗೊತ್ತಿಕೊಂಡು ಹಜಾರದವರೆಗೂ ಹೊತ್ತು ತಂದಿದ್ದಳು.

ಗುರುಗಳು ಬಗ್ಗಿ ಅವಳ ಕಣ್ಣುಗಳನ್ನು ದಿಟ್ಟಿಸಿದರು.

"ದೀಪ ತರಲೇ, ಗುರುಗಳೇ? ಕತ್ತಲಾಗುತ್ತಾ ಬಂತು."

"ಚಪ್ಪಲಿ ಬಿಟ್ಟು ಮೆಟ್ಟಿಲ ಮೇಲೆ ನಿಲ್ಲು."

ಅವಳು ನಿಂತಳು. ಕಲ್ಲು ಕಾದು ಕೆಂಡವಾಗಿತ್ತು, ಅಂಗಾಲು ಸುಟ್ಟುಹೋಯಿತು. ಬಗ್ಗಿ ನೋಡಿದಳು. ಅವಳ ನೆರಳು ಕಾಲಬುಡದಲ್ಲೇ ಮುದುಡಿತ್ತು. ನಡುಮಧ್ಯಾಹ್ನ. ಆದರೂ ಅವಳ ಕಣ್ಣಿಗೆ ಹೊಳೆ ಕಪ್ಪಗೆ ಹರಿಯುತ್ತಿತ್ತು. ಮೊದಲು ಮೂಗು ಸೋರುವುದು, ಆಮೇಲೆ ಕಣ್ಣಿಗೆ ಕತ್ತಲೆ ಕವಿಯುವುದು: ಈ ವಿಷದ ಲಕ್ಷಣಗಳು ಅವಳಿಗೆ ಬಾಯಿಪಾಠ.

ಗುರುಗಳು ಅವಳ ಕೈಯಿಂದ ಒಂದು ಹೊಸ ಪಟ್ಟಿ ತೆಗೆದುಕೊಂಡು, ತಮ್ಮ ಬೆರಳು ಚುಚ್ಚಿ ಹನಿ ಬಿಟ್ಟರು. ಅವರು ಬೆಳಿಗ್ಗೆ ದೋಣಿಯ ಹತ್ತಿರ ಸುಳಿದಿರಲಿಲ್ಲ. ವಯಸ್ಸಾಯಿತು, ನೀವು ಬರಬೇಡಿ ಎಂದು ಅವಳೇ ಗದರಿ ಕೂರಿಸಿದ್ದಳು.

ಇಬ್ಬರೂ ಕಾದರು. ಗೆರೆ ಮೂಡಲಿಲ್ಲ. ಪಟ್ಟಿ ಬೆಳ್ಳಗೇ ಉಳಿಯಿತು.

ಹಜಾರದಿಂದ ಯಾರೋ ನಗುವುದು ಕೇಳುತ್ತಿತ್ತು. ಹಾಗೆ ನಗುತ್ತಾ ಕೂತವರನ್ನೆಲ್ಲ ಅವಳು ಇನ್ನೇನು ಮನೆಗೆ ಕಳಿಸಿಬಿಡುತ್ತಿದ್ದಳು.

"ಹಾಗಾದರೆ ಅದು ಸುಳ್ಳು ಹೇಳಿಲ್ಲ," ಎಂದಳು ಶಾಂಭವಿ. ಅವಳ ದನಿ ಅವಳಿಗೇ ದೂರದಿಂದ ಕೇಳಿಸಿತು. "ಈಗ ನಾನೇನು ಮಾಡಲಿ, ಗುರುಗಳೇ?"

ಗುರುಗಳು ಅವಳ ಚಪ್ಪಲಿಯನ್ನು ಅವಳ ಕಾಲ ಹತ್ತಿರ ಸರಿಸಿದರು.

"ಯಾರನ್ನೂ ಕಳಿಸಬೇಡಿ ಅಂತ ವೈದ್ಯರಿಗೆ ಹೇಳು, ತಾಯಿ. ಹೇಳಿ, ಆ ಸಾಲಿನಲ್ಲಿ ಇನ್ನೊಂದು ಚಾಪೆ ಹಾಸು."