ಎರಡನೆಯ ಚುಚ್ಚುಮದ್ದು

"ತಾಯಿ, ಒಂದು ಮಾತು ಕೇಳಬೇಕು. ಮನಸ್ಸಿನಲ್ಲಿ ಏನೋ ಇದೆ. ಸಿಟ್ಟು ಎನ್ನೋಣವೆಂದರೆ ಸಿಟ್ಟಲ್ಲ. ದ್ವೇಷವೂ ಅಲ್ಲ. ಅದಕ್ಕೇನೋ ಹೇಳುತ್ತಾರಲ್ಲ..."

"ಹೊಟ್ಟೆಕಿಚ್ಚು," ಎಂದರು ಆಶ್ರಮದ ಹಿರಿಯರಾದ ತಾಯಿ.

ದಾಕ್ಷಾಯಿಣಿ ತಲೆ ತಗ್ಗಿಸಿದಳು. ಆಶ್ರಮದ ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಅವಳಿಗೆ ಬಂದು ಎರಡು ತಿಂಗಳಾಗಿತ್ತು. ಮತ್ತೆ ಕೇಳಿದಳು: "ಆಗಲಿ, ಹೊಟ್ಟೆಕಿಚ್ಚೇ. ಆದರೆ ನಾನು ಅದನ್ನು ಆಡಿ ತೋರಿಸಿಲ್ಲ, ಮಾಡಿ ತೋರಿಸಿಲ್ಲ. ಒಳಗೇ ಇಟ್ಟುಕೊಂಡಿದ್ದೇನೆ. ಒಳಗೇ ಇರುವುದರಿಂದ ಬೇರೆಯವರಿಗೇನು ಕೇಡು?"

ತಾಯಿ ಯಾರ ಮೇಲೆ ಎಂದು ಕೇಳಲಿಲ್ಲ. ಕತೆ ಹೇಳಿದರು.

ಒಂದು ವಸತಿ ಶಾಲೆಗೆ ಒಬ್ಬ ಹೊಸ ದಾದಿ ಬಂದಳು. ಅವಳಿಗಿಂತ ಮುಂಚೆ ಅಲ್ಲಿದ್ದ ಹಳೆಯ ದಾದಿ ಇಪ್ಪತ್ತಾರು ವರ್ಷ ಕೆಲಸ ಮಾಡಿ, ನಿವೃತ್ತಳಾಗಿ, ಶಾಲೆಯ ಹಿಂಬಾಗಿಲ ಎದುರಿನ ಮನೆಯಲ್ಲೇ ಉಳಿದಿದ್ದಳು. ಮಕ್ಕಳು ಅವಳನ್ನು ದೊಡ್ಡಕ್ಕ ಎನ್ನುತ್ತಿದ್ದರು. ಹೊಸಬಳನ್ನು ಸಿಸ್ಟರ್ ಎನ್ನುತ್ತಿದ್ದರು.

ಹೊಸ ದಾದಿ ಕೆಲಸ ಬಲ್ಲವಳು. ಬಂದ ವಾರದಲ್ಲೇ ಔಷಧಿಯ ಬೀರುವನ್ನು ಓರಣ ಮಾಡಿದಳು. ಅವಧಿ ಮುಗಿದ ಸೀಸೆಗಳನ್ನು ತೆಗೆದು ಹಾಕಿದಳು. ಆದರೂ ಮೊಣಕಾಲು ತರಚಿಕೊಂಡು ಬಂದ ಹುಡುಗ ಅವಳ ಕೈಯಲ್ಲೇ ಮುಲಾಮು ಹಚ್ಚಿಸಿಕೊಳ್ಳುತ್ತ, "ದೊಡ್ಡಕ್ಕ ಊದಿ ಊದಿ ಹಚ್ತಿದ್ರು" ಎನ್ನುತ್ತಿದ್ದ. ಅಡುಗೆಯವಳು ಊಟಕ್ಕೆ ಬಡಿಸುತ್ತ, "ಅವರ ಕಾಲದಲ್ಲಿ ಒಂದು ಮಾತ್ರೆ ಆಚೀಚೆ ಆಗಿದ್ದಿಲ್ಲ ನೋಡಿ ಸಿಸ್ಟರ್. ನೀವೂ ಕಲೀತೀರ, ಬಿಡಿ" ಎನ್ನುತ್ತಿದ್ದಳು. ಹೊಸ ದಾದಿ ನಗುತ್ತಿದ್ದಳು. "ಹೌದು, ಪುಣ್ಯಾತ್ಗಿತ್ತಿ" ಎನ್ನುತ್ತಿದ್ದಳು. ತಟ್ಟೆಯಲ್ಲಿ ಅನ್ನ ಉಳಿಸಿ ಏಳುತ್ತಿದ್ದಳು.

ಹಳೆಯ ದಾದಿಗೆ ಒಂದು ರೂಢಿ ಇತ್ತು. ಔಷಧಿ ಕೊಟ್ಟ ಮಗುವಿನ ಎಡ ಮುಂಗೈ ಮೇಲೆ ಕುಂಕುಮದ ಬೊಟ್ಟು ಇಡುತ್ತಿದ್ದಳು. ಬೊಟ್ಟು ಇದ್ದರೆ ಆ ಹೊತ್ತಿನ ಔಷಧಿ ಆಗಿದೆ ಎಂದು ಮೇಷ್ಟರಿಗೂ ಗೊತ್ತು, ಅಡುಗೆಯವಳಿಗೂ ಗೊತ್ತು. ಹೊಸ ದಾದಿ ಒಂದು ದಪ್ಪ ಪುಸ್ತಕ ತಂದಳು. ಹೆಸರು, ಹೊತ್ತು, ಔಷಧಿ, ಸಹಿ ಎಂದು ಗೆರೆ ಎಳೆದಳು. ಅದು ಒಳ್ಳೆಯ ಪದ್ಧತಿಯೇ. ಬೊಟ್ಟು ಬೇಡ ಎಂದು ಅವಳು ಎಂದೂ ಹೇಳಲಿಲ್ಲ. ಆದರೆ ಭಾನುವಾರ ಅವಳಿಗೆ ರಜೆ. ಅಂದು ಔಷಧಿ ಕೊಡುತ್ತಿದ್ದವಳು ಹಳೆಯ ದಾದಿ. ಸೋಮವಾರ ಯಾವುದಾದರೂ ಮುಂಗೈ ಮೇಲೆ ಮಾಸಿದ ಬೊಟ್ಟು ಕಂಡರೆ ಹೊಸ ದಾದಿ ಹತ್ತಿ ಒದ್ದೆ ಮಾಡಿ ಒರೆಸುತ್ತಿದ್ದಳು. "ಕೈ ಚೊಕ್ಕಟವಾಗಿರಬೇಕು, ಮರಿ" ಎನ್ನುತ್ತಿದ್ದಳು. ಒಂದು ದಿನವೂ ಗದರಲಿಲ್ಲ. ಕಲೆ ಹೋದ ಮೇಲೂ ಒಂದೆರಡು ಸಲ ಹೆಚ್ಚಿಗೆ ಒರೆಸುತ್ತಿದ್ದಳು, ಅಷ್ಟೆ.

ಆ ಶಾಲೆಯಲ್ಲಿ ಒಂಬತ್ತು ವರ್ಷದ ಒಬ್ಬ ಹುಡುಗಿಗೆ ಸಕ್ಕರೆ ಕಾಯಿಲೆ ಇತ್ತು. ದಿನವೂ ತಿಂಡಿಗೆ ಮುಂಚೆ ಇನ್ಸುಲಿನ್ ಚುಚ್ಚಬೇಕು. ಒಂದು ಸಲದ ಮೇಲೆ ಇನ್ನೊಂದು ಸಲ ಆದರೆ ರಕ್ತದಲ್ಲಿ ಸಕ್ಕರೆ ಇಳಿದು ಜೀವಕ್ಕೇ ಕುತ್ತು ಬರುತ್ತದೆ. ಭಾನುವಾರಕ್ಕೆಂದು ಒಂದು ಸೀಸೆ ಹಳೆಯ ದಾದಿಯ ಮನೆಯಲ್ಲೂ ಇತ್ತು.

ಒಂದು ಸೋಮವಾರ ಹೊಸ ದಾದಿಯ ಬಸ್ಸು ತಡವಾಯಿತು. ತಿಂಡಿಯ ಗಂಟೆ ಹತ್ತಿರವಾದಾಗ ಹುಡುಗಿ ಹಿಂಬಾಗಿಲಿನಿಂದ ಹೋಗಿ ದೊಡ್ಡಕ್ಕನ ಕೈಯಲ್ಲಿ ಚುಚ್ಚಿಸಿಕೊಂಡಳು. ಬೊಟ್ಟು ಇಡಿಸಿಕೊಂಡಳು. ತಿರುಗಿ ಬರುವಾಗ ಸಿಸ್ಟರ್ ಗೇಟಿನ ಒಳಗೆ ಓಡಿ ಬರುತ್ತಿರುವುದು ಕಾಣಿಸಿತು. ಹುಡುಗಿ ನಲ್ಲಿಯ ಕೆಳಗೆ ಕೈ ಹಿಡಿದು ಬೊಟ್ಟು ತೊಳೆದುಕೊಂಡಳು.

ಹೊಸ ದಾದಿ ಏದುಸಿರು ಬಿಡುತ್ತ ಬಂದು ಕೇಳಿದಳು: "ನನ್ನ ದಾರಿ ಕಾಯ್ತಾ ನಿಂತಿದ್ಯಾ, ಚಿನ್ನಾ?"

ಹುಡುಗಿ ಹೌದೆಂದು ತಲೆಯಾಡಿಸಿದಳು.

ಅಂದು ಹೊಸ ದಾದಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಎದುರು ಮನೆಯ ಬಾಗಿಲು ತೆರೆದೇ ಇದ್ದರೂ ಮಗು ತನಗಾಗಿ ಕಾದಿದೆ. ಅವಳು ಚುಚ್ಚುಮದ್ದು ಕೊಟ್ಟಳು. ಪುಸ್ತಕದಲ್ಲಿ ದುಂಡಗೆ ಬರೆದು ಸಹಿ ಮಾಡಿದಳು.

ಎರಡನೆಯ ಪಾಠದ ಹೊತ್ತಿಗೆ ಮೇಷ್ಟರು ಹುಡುಗಿಯನ್ನು ಎತ್ತಿಕೊಂಡು ಬಂದರು. ಅವಳ ಮೈಯೆಲ್ಲ ಬೆವರು. ಕೈ ನಡುಗುತ್ತಿತ್ತು. ಸಕ್ಕರೆ ಇಳಿದಿದೆ ಎಂದು ಹೊಸ ದಾದಿಗೆ ಕೂಡಲೇ ತಿಳಿಯಿತು. ಸಕ್ಕರೆ ನೀರು ಕುಡಿಸಿದಳು. ತಿಂಡಿ ತಿಂದ ಮಗುವಿಗೆ ಹೀಗೇಕಾಯಿತು ಎಂದು ಅಂಗಿ ಸರಿಸಿ ನೋಡಿದಳು. ಹೊಟ್ಟೆಯ ಮೇಲೆ ತಾನು ಚುಚ್ಚಿದ ಗುರುತಿನ ಪಕ್ಕದಲ್ಲಿ ಇನ್ನೊಂದು ಹೊಸ ಗುರುತಿತ್ತು.

ಓಡಿ ಹೋಗಿ ಕೇಳಿದ್ದರೆ ಆಗಿತ್ತು. ಎಷ್ಟು ಕೊಟ್ಟಿರಿ, ಎಷ್ಟು ಹೊತ್ತಿಗೆ ಕೊಟ್ಟಿರಿ ಎಂದು ಎರಡು ಮಾತು. ಎದುರು ಮನೆ ಐವತ್ತು ಹೆಜ್ಜೆ. ಆದರೆ ಕೇಳಿದರೆ, ಮಗು ಮೊದಲು ಹೋದದ್ದು ಅಲ್ಲಿಗೇ ಎಂದು ತನ್ನ ಬಾಯಿಂದಲೇ ಒಪ್ಪಿಕೊಂಡಂತೆ. ಇಪ್ಪತ್ತಾರು ವರ್ಷ ತಪ್ಪು ಮಾಡದವಳ ಹೊಸಿಲಲ್ಲಿ, ಎರಡು ತಿಂಗಳಲ್ಲಿ ತಪ್ಪು ಮಾಡಿದವಳು ಹೋಗಿ ನಿಂತಂತೆ. ಹಳೆಯ ಗುರುತೇ ಇರಬಹುದು ಎಂದುಕೊಂಡಳು. ಸಕ್ಕರೆ ನೀರಿಗೇ ಸರಿಹೋಗುತ್ತದೆ ಎಂದುಕೊಂಡಳು. ಹಾಗೆ ಹತ್ತು ನಿಮಿಷ ಕಳೆಯಿತು.

ಹುಡುಗಿಯ ಕಣ್ಣು ಮೇಲಕ್ಕೆ ಹೋಯಿತು. ಬಾಯಿಗೆ ಹಿಡಿದ ನೀರು ಕಟವಾಯಿಂದ ಹೊರಗೆ ಹರಿಯಿತು.

ಆಗ ಹೊಸ ದಾದಿ ಮಗುವನ್ನು ಮೇಷ್ಟರ ಮಡಿಲಿಗೆ ಹಾಕಿ, ಬರಿಗಾಲಲ್ಲಿ ಹಿಂಬಾಗಿಲಿಗೆ ಓಡಿದಳು.

"ಮಗೂಗೆ ಬೆಳಿಗ್ಗೆ ಕೊಟ್ರಾ?"

"ಕೊಟ್ಟೆನಲ್ಲಮ್ಮ. ಬೊಟ್ಟೂ ಇಟ್ಟೆ. ನೋಡ್ಲಿಲ್ವಾ?"

"ನಾನೂ ಕೊಟ್ಟುಬಿಟ್ಟೆ."

ಹಳೆಯ ದಾದಿ ಕೂಡಲೇ ಎದ್ದಳು. ಒಲೆ ಆರಿಸಿ, ಸೀಸೆ ತೆಗೆದುಕೊಂಡು ಹೊರಟಳು. ಇಬ್ಬರೂ ಶಾಲೆಯ ಜೀಪಿನಲ್ಲಿ ಮಗುವನ್ನು ಆಸ್ಪತ್ರೆಗೆ ಒಯ್ದರು. ನರಕ್ಕೆ ಸಕ್ಕರೆಯ ದ್ರವ ಏರಿಸಿದರು. "ಇನ್ನು ಸ್ವಲ್ಪ ತಡವಾಗಿದ್ದರೆ ನಮ್ಮ ಕೈಯಲ್ಲಿ ಏನೂ ಇರುತ್ತಿರಲಿಲ್ಲ" ಎಂದರು ವೈದ್ಯರು. ಮಧ್ಯಾಹ್ನದ ಹೊತ್ತಿಗೆ ಹುಡುಗಿ ಕಣ್ಣು ಬಿಟ್ಟಳು. ಬಿಟ್ಟವಳು ಮೊದಲು ಕರೆದದ್ದು "ದೊಡ್ಡಕ್ಕಾ" ಎಂದು. ಅಷ್ಟು ಹೊತ್ತು ಕಂಡ ಕಂಡ ದೇವರಿಗೆ ಹರಕೆ ಹೊತ್ತಿದ್ದ ಹೊಸ ದಾದಿಯ ಹೊಟ್ಟೆಯಲ್ಲಿ ಆಗಲೂ ಚುರ್ರೆಂದಿತು.

ಆಮೇಲೆ ಹುಡುಗಿ ಅವಳ ಕಡೆ ತಿರುಗಿದಳು. ಹೊಸ ದಾದಿ ಮೆಲ್ಲಗೆ ಕೇಳಿದಳು: "ಬೊಟ್ಟು ಯಾಕೆ ತೊಳ್ಕೊಂಡೆ, ಕಂದಾ?"

"ನಿಮಗೆ ಬೇಜಾರಾಗುತ್ತೆ ಅಂತ."

ಸಂಜೆ ಮುಖ್ಯೋಪಾಧ್ಯಾಯರು ಪುಸ್ತಕ ತರಿಸಿ ನೋಡಿದರು. "ನಿಮ್ಮ ಪುಸ್ತಕ ಸರಿಯಾಗಿದೆ. ಒಂದೇ ಸಲ ಎಂದು ಬರೆದಿದೆ. ಕೆಲಸದಲ್ಲಿಲ್ಲದ ಆ ಮುದುಕಿ ಸೋಮವಾರವೂ ನಡುವೆ ಕೈಹಾಕಿದ್ದೇ ತಪ್ಪು. ಹಾಗೆಂದು ಬರೆದುಬಿಡಿ. ಇನ್ನು ಅವಳು ಹಿಂಬಾಗಿಲು ದಾಟುವುದು ಬೇಡ."

ಎರಡು ತಿಂಗಳಿಂದ ಹೊಸ ದಾದಿ ಮನಸ್ಸಿನಲ್ಲೇ ಬೇಡುತ್ತಿದ್ದದ್ದು ಅದೇ. ಈಗ ಯಾರೂ ಕೇಳದೆ ಕೈಗೆ ಬಂದಿತ್ತು. ಒಂದು ಸಾಲು ಬರೆದರೆ ಸಾಕು. ಅವಳು ಪೆನ್ನು ಹಿಡಿದು ಬಹಳ ಹೊತ್ತು ಕುಳಿತಳು. ಕೊನೆಗೆ ಬರೆದಳು: "ಮೊದಲನೆಯದು ನಾನಿಲ್ಲದಾಗ, ಸರಿಯಾದ ಹೊತ್ತಿಗೆ ಆಗಿತ್ತು. ಎರಡನೆಯದು ನನ್ನ ಕೈಯಿಂದ ಆಯಿತು. ಔಷಧಿ ಆಗಿದೆಯೇ ಎಂದು ನಾನು ಮಗುವನ್ನು ಕೇಳಲಿಲ್ಲ. ಗುರುತು ಕಂಡ ಮೇಲೂ ಹತ್ತು ನಿಮಿಷ ತಡಮಾಡಿದೆ." ಕೆಳಗೆ ಸಹಿ ಮಾಡಿದಳು. ಅವಳ ಕೆಲಸ ಉಳಿಯಿತೋ ಹೋಯಿತೋ, ಕತೆಯಲ್ಲಿ ಇಲ್ಲ.

ತಾಯಿ ಕತೆ ನಿಲ್ಲಿಸಿದರು.

ದಾಕ್ಷಾಯಿಣಿ ಹೇಳಿದಳು: "ಆ ದಾದಿಗೆ ಮುಚ್ಚಿಡಲು ಬರಲಿಲ್ಲ, ತಾಯಿ. ಒರೆಸುವ ಕೈಯಲ್ಲೇ ಎಲ್ಲ ತೋರಿಸಿಬಿಟ್ಟಳು. ನನ್ನ ಮುಖದಲ್ಲಾಗಲಿ ಕೈಯಲ್ಲಾಗಲಿ ಯಾರಿಗೂ ಏನೂ ಕಾಣಿಸುವುದಿಲ್ಲ."

ತಾಯಿ ಕೇಳಿದರು: "ಹಾಗಾದರೆ, ನಿನಗಿಂತ ಮುಂಚೆ ತಮ್ಮನ್ನು ಸಾಕಿದ ಗಿರಿಯವ್ವನ ಹೆಸರನ್ನು ನಮ್ಮ ಮಕ್ಕಳು ನಿನ್ನೆದುರು ಎತ್ತುವುದೇ ಇಲ್ಲವಲ್ಲ, ಯಾಕೆ?"